ಎಡಗಾಲಿನ ಬೂಟು

ಆದವಾನಿ
ಬುಧವಾರ, 8-2-1984

ಚಿರಂಜೀವಿ ಸೇತುಮಾಧವನಿಗೆ ನಿನ್ನ ಅಮ್ಮ ಮನಸಾರೆ ಹರಸಿ ಬರೆಯುವುದು.

ನಿನ್ನ ಕೆಮ್ಮು ಹೇಗಿದೆ? ಕರ್ನೂಲಿನ ಆ ಖಾನಾವಳಿಯ ಎಣ್ಣೆ ನಿನಗೆ ಆಗುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ನೀನು ಕೇಳುವವನಲ್ಲ. ಶುಂಠಿ ಪುಡಿ ಕಳಿಸಿದ್ದೇನೆ, ಬಿಸಿನೀರಿನಲ್ಲಿ ಕಲಸಿ ಕುಡಿ. ಸರಸ್ವತಿ ತನ್ನ ತಂಗಿಯ ಬಾಣಂತನ ಮುಗಿಸಿ ಮದ್ದಿಕೇರದಿಂದ ಬರುವುದಕ್ಕೆ ಇನ್ನೂ ಹದಿನೈದು ದಿನವಂತೆ. ಅಲ್ಲಿಯವರೆಗೆ ಮನೆಯಲ್ಲಿ ನಾನು, ನಿನ್ನ ಮಗಳು ಸಕ್ಕೂ ಇಬ್ಬರೇ. ನನ್ನ ಆರೋಗ್ಯಕ್ಕೇನೂ ಆಗಿಲ್ಲ. ನಿನ್ನೆಯಿಂದ ಊಟ ಮಾತ್ರ ಸೇರುತ್ತಿಲ್ಲ. ಅದರ ಕಾರಣವನ್ನು ಕೊನೆಗೆ ಬರೆಯುತ್ತೇನೆ.

ಈ ಕಾಗದ ತರುವವಳು ಸಕ್ಕೂನೇ. ನಾಳೆ ಬೆಳಗಿನ ಬಸ್ಸಿಗೆ ಅವಳ ಡ್ರಿಲ್ ಟೀಚರ್ ರಾಮಲಕ್ಷ್ಮಿಯವರ ಜೊತೆ ಹೊರಡುತ್ತಾಳೆ. ಶುಕ್ರವಾರ ಬೆಳಿಗ್ಗೆ ಕರ್ನೂಲಿನಲ್ಲಿ ಓಟ. ಎಂಟುನೂರು ಮೀಟರನ್ನು ಮೂರು ನಿಮಿಷದೊಳಗೆ ಮುಗಿಸಿದರೆ ವ್ಯಾಯಾಮ ಶಿಕ್ಷಕಿಯರ ತರಬೇತಿಗೆ ಸೀಟು, ಇಲ್ಲದಿದ್ದರೆ ಇಲ್ಲ. ದೀಪಾವಳಿಗೆ ಬಂದಾಗ ನೀನು "ಇದೊಂದೇ ಸಲ ನೋಡು. ಆಗಲಿಲ್ಲಂದ್ರ ಟೈಪಿಂಗ್ ಕಲ್ತು ಮನ್ಯಾಗ ಇರಬೇಕು" ಎಂದೆಯಲ್ಲ, ಅದನ್ನು ಹುಡುಗಿ ಒಂದಕ್ಷರ ಬಿಡದೆ ಮನಸ್ಸಿನಲ್ಲಿಟ್ಟುಕೊಂಡಿದ್ದಾಳೆ. ಹೋದ ವಾರದಿಂದ ಮಾತೇ ಕಡಿಮೆ. ಸಾರಿಗೆ ಉಪ್ಪು ಜಾಸ್ತಿಯಾದರೂ ಸುಮ್ಮನೆ ಉಂಡು ಏಳುತ್ತಾಳೆ. ಅದನ್ನು ನೋಡಿದರೆ ನನಗೆ ಭಯವಾಗುತ್ತದೆ.

ಇನ್ನು ನಿನ್ನ ಹೋದ ಕಾಗದ. ಬರಿಗಾಲಲ್ಲಿ ಓಡಿದರೆ ಏನು ಸವೆಯುತ್ತದೆ, ಬೂಟಿಗೆ ಯಾಕೆ ದುಡ್ಡು ಸುರಿದಿರಿ ಎಂದು ದೊಡ್ಡ ಸಾಹೇಬನಂತೆ ಬರೆದಿದ್ದೆ. ಕುರ್ಚಿಯಲ್ಲಿ ಕೂತು ಫೈಲು ತಿರುವುವ ನಿನಗೆ ಬೂಟು ಬೇಕು, ದಿನಾ ಹತ್ತು ಸುತ್ತು ಓಡುವವಳಿಗೆ ಬೇಡವೇನು? ನಮ್ಮೂರಿನ ಮೈದಾನ ನಿನಗೆ ಗೊತ್ತಿಲ್ಲದ್ದೇ? ಮಣ್ಣಿಗಿಂತ ಬೆಣಚುಕಲ್ಲೇ ಹೆಚ್ಚು. ಡಿಸೆಂಬರಿನಲ್ಲಿ ಅವಳ ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಬಾವು ಬಂದು, ಮಹಡಿ ಮೆಟ್ಟಿಲನ್ನು ಕೂತು ಕೂತು ಇಳಿಯುತ್ತಿದ್ದಳು. ಟೀಚರ್ ಬೆರಳಿನಿಂದ ಒತ್ತಿ ನೋಡಿ, "ರೋಜೂ ಓಡಬೇಕಂದ್ರ ಬೂಟು ಬೇಕೇ ಬೇಕ್ರಿ ಅಜ್ಜಿ. ಲೇದಂಟೇ, ಬೂಟಿಲ್ಲಂದ್ರ, ಓಟ ಈಗಲೇ ಬಿಡಸ್ರಿ, ಕಾಲು ಕೆಟ್ಟು ಕೂರತೈತಿ" ಎಂದರು. ಅವತ್ತು ಅವಳು ಅತ್ತದ್ದನ್ನು ನೀನು ನೋಡಿಲ್ಲ, ನಾನು ನೋಡಿದ್ದೇನೆ.

ಬೂಟು ಕೊಳ್ಳುವುದಕ್ಕೂ ಒಂದು ಕ್ರಮ ಇದೆ ಎಂದು ಈ ವಯಸ್ಸಿನಲ್ಲಿ ಕಲಿತೆ. ಬೆಳಿಗ್ಗೆ ಹೋಗಬಾರದು, ಸಂಜೆ ಹೋಗಬೇಕು. ದಿನವೆಲ್ಲ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದಂತೆ. ನಿಂತು ಹಾಕಿ ನೋಡಬೇಕು, ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಉಳಿಯಬೇಕು. ಬಗ್ಗಿಸಿದರೆ ಬೆರಳು ಮಡಿಯುವ ಕಡೆಯೇ ಬಗ್ಗಬೇಕು, ನಡುವೆ ಮಡಿಯಬಾರದು. ನರಸಣ್ಣನ ಅಂಗಡಿಯಲ್ಲಿ ಚರ್ಮದ ಚಪ್ಪಲಿಗಳ ರಾಶಿಯಿತ್ತು. ನಾನು ಒಳಗೆ ಹೋಗಲಿಲ್ಲ, ರಸ್ತೆಯಲ್ಲೇ ನಿಂತು ಹುಕುಂ ಮಾಡಿದೆ. ಅವನು ಮೊದಲು ಶಾಲೆ ಮಕ್ಕಳ ಬಿಳಿ ಕ್ಯಾನ್‌ವಾಸ್ ತೆಗೆದ. ಅಗ್ಗ ನಿಜ, ಆದರೆ ಅಡಿ ಹಪ್ಪಳದಷ್ಟು ತೆಳು, ಕಲ್ಲೆಲ್ಲ ಪಾದಕ್ಕೇ ಒತ್ತುತ್ತದೆ. ಆಮೇಲೆ ಪಟ್ಟೆಪಟ್ಟೆಯದೊಂದನ್ನು ತೋರಿಸಿ, "ಅಮ್ಮಾರ, ಇದು ಮದ್ರಾಸ್ ಮಾಲು, ಫಸ್ಟ್ ಕ್ಲಾಸ್ ಐತಿ. ಇದನ್ನ ಹಾಕ್ಕೊಂಡ್ರ ನಿಮ್ಮ ಮೊಮ್ಮಗಳು ಓಡಂಗಿಲ್ಲ, ಹಾರ್ತಾಳ" ಎಂದ. ನೀನು ಎರಡು ವಾರ ಖಾನಾವಳಿಯಲ್ಲಿ ಉಣ್ಣುವ ದುಡ್ಡು ಅದಕ್ಕೆ. ಮೂರನೆಯದು ನೀಲಿ ಕ್ಯಾನ್‌ವಾಸ್. ಅಡಿಗೆ ದಪ್ಪ ರಬ್ಬರು, ಹಿಮ್ಮಡಿಯ ಕೆಳಗೆ ಮೆತ್ತೆ. ಪಕ್ಕದಲ್ಲಿ ಗೋಂದಿನ ಕಲೆ ಇದ್ದದ್ದರಿಂದ ಬೆಲೆ ಇಳಿಸಿದ್ದ. ನಾನು ಸಕ್ಕೂಗೆ ಮೂರನ್ನೂ ಹಾಕಿಕೊಂಡು ಓಣಿಯ ತುದಿಯವರೆಗೆ ಓಡಿ ಬಾ ಎಂದೆ. ಲಂಗ ಎತ್ತಿ ಕಟ್ಟಿ ಓಡಿದಳು, ಬಜಾರೆಲ್ಲ ನಿಂತು ನೋಡಿತು. ನೋಡಲಿ ಬಿಡು. ನಾನು ಕಣ್ಣು ಮುಚ್ಚಿ ಸದ್ದು ಕೇಳಿದೆ. ಬಿಳಿಯದು ಚಟಚಟ ಅಂದಿತು. ಪಟ್ಟೆಯದು ಧಡಧಡ ಅಂದಿತು. ನೀಲಿಯದರಲ್ಲಿ ಅವಳು ಹತ್ತಿರ ಬಂದದ್ದೇ ನನಗೆ ಕೇಳಿಸಲಿಲ್ಲ. ಅದನ್ನೇ ತೆಗೆದುಕೊಂಡೆವು.

ಆವತ್ತಿನಿಂದ ದಿನಾ ಬೆಳಿಗ್ಗೆ ಅವಳು ಓಡುವುದು, ನಾನು ಮೈದಾನದ ಅಂಚಿನಲ್ಲಿ ಕೂತು ತುಳಸಿಮಣಿಯಲ್ಲಿ ಸುತ್ತು ಎಣಿಸುವುದು. ಹತ್ತೇ ದಿನದಲ್ಲಿ ಕಾಲುಬಾವು ಇಳಿಯಿತು. ಬೂಟು ಅವಳ ಪಾದಕ್ಕೆ ಎಷ್ಟು ಒಗ್ಗಿತೆಂದರೆ, "ಅಜ್ಜಿ, ಇದಿಲ್ಲದ ನಾ ಓಡಂಗೇ ಇಲ್ಲ" ಎನ್ನುತ್ತಾಳೆ. ಬೂಟನ್ನು ನಾನು ಮನೆಯೊಳಗೆ ತರಗೊಡಲಿಲ್ಲ, ಅದು ನಿನಗೆ ಹೇಳಬೇಕಾಗಿಲ್ಲ. ಹೊರಗೆ ಜಗಲಿಯ ಮೊಳೆಗೆ ಬುಟ್ಟಿಯಲ್ಲಿ ತೂಗುಹಾಕಿಸಿದ್ದೆ. ಹೋದ ಶನಿವಾರ ಟೀಚರ್ ಗಡಿಯಾರ ಹಿಡಿದು ನೋಡಿದಾಗ ಮೂರು ನಿಮಿಷಕ್ಕೆ ನಾಲ್ಕು ಸೆಕೆಂಡು ಕಡಿಮೆ. ನಾಲ್ಕೇ ಸೆಕೆಂಡು, ಸೇತು. ಒಂದು ಸಲ ಎಡವಿದರೆ ಮುಗಿಯಿತು.

ಶುಕ್ರವಾರ ಕಚೇರಿಗೆ ಅರ್ಧ ದಿನ ರಜೆ ಹಾಕಿ ಮೈದಾನಕ್ಕೆ ಹೋಗು. ಮುಖ ಗಂಟು ಹಾಕಿಕೊಂಡು ನಿಲ್ಲಬೇಡ. ರಾಯರು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಮ್ಮ
ಜಾನಕಿಬಾಯಿ

ತಾ.ಕ. ಗುರುವಾರ ಬೆಳಿಗ್ಗೆ. ಜಟಕಾ ಬಂದು ಬಾಗಿಲಲ್ಲಿ ನಿಂತಿದೆ. ಕೊನೆಗೆ ಬರೆಯುತ್ತೇನೆ ಎಂದದ್ದನ್ನು ನಿನ್ನೆ ಬರೆಯಲು ಕೈ ಬರಲಿಲ್ಲ. ಓಟಕ್ಕೆ ಮುಂಚೆ ಮೂರು ದಿನ ವಿಶ್ರಾಂತಿ ಎಂದು ಟೀಚರ್ ಹೇಳಿದ್ದರು. ಆಯುಧಪೂಜೆಗೆ ಕತ್ತರಿ ತಕ್ಕಡಿಗೆಲ್ಲ ಅಕ್ಷತೆ ಹಾಕುತ್ತೇವೆ, ಈ ಹುಡುಗಿಯ ಬೂಟಿಗೂ ಹಾಕೋಣ ಎಂದು ನನಗೆ ಆಸೆಯಾಯಿತು. ತೊಳೆಯದೆ ಒಳಗೆ ಹೇಗೆ ತರಲಿ? ಮಂಗಳವಾರ ಅವಳಿಲ್ಲದಾಗ ಹಂಡೆಯ ಬಿಸಿನೀರಿನಲ್ಲಿ ಮಧ್ಯಾಹ್ನವೆಲ್ಲ ನೆನೆಹಾಕಿದೆ. ಎತ್ತಿದರೆ ಎಡಗಾಲಿನದರ ಅಡಿ ಬಾಯಿ ಬಿಟ್ಟಿತ್ತು. ನಿನ್ನೆ ಬೆಳಿಗ್ಗೆ ಸೆರಗಿನಲ್ಲಿ ಮುಚ್ಚಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರ ಬೂಟು ಹೊಲಿಯುವ ಕೆಂಚಣ್ಣನಲ್ಲಿಗೆ ಹೋದೆ. ಅವನು ಗೋಂದು ಹಚ್ಚಿ ಹೊಲಿದು ಮುಗಿಸುವವರೆಗೆ ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದೆ. "ಗೋಂದು ನಾಕು ದಿನ ಒಣಗಬೇಕಿತ್ತವ್ವಾ. ಎಲ್ಡು ದಿನಕ್ಕ ಗ್ಯಾರಂಟಿ ಹೇಳಾಕಾಗಲ್ಲ" ಎಂದ. ಸಕ್ಕೂಗೆ ಏನೂ ಗೊತ್ತಿಲ್ಲ. ನಾನೇ ಬಟ್ಟೆಯಲ್ಲಿ ಸುತ್ತಿ ಚೀಲದ ತಳದಲ್ಲಿಟ್ಟೆ. ಅದನ್ನು ನೋಡಿ, "ಅಜ್ಜಿ, ನೀ ಬೂಟು ಮುಟ್ಟಿದೇನು!" ಎಂದು ನನ್ನನ್ನು ತಬ್ಬಿಕೊಂಡಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಬಂದ ಕೂಡಲೇ ಅವಳಿಗೆ ನೀನೇ ಹೇಳು, ತಪ್ಪು ನನ್ನದು ಅಂತಲೇ ಹೇಳು. ಸಂಜೆ ಹಾಕಿ ಓಡಿಸಿ ನೋಡು. ಹೊಲಿಗೆ ಬಿಟ್ಟರೆ ಅಂಗಡಿ ಮುಚ್ಚುವ ಮುಂಚೆ ಅಂಥದ್ದೇ ಐದನೇ ನಂಬರಿನದು ಕೊಡಿಸು, ದುಡ್ಡಿನ ಮುಖ ನೋಡಬೇಡ. ಜಟಕಾದಲ್ಲಿ ಕೂತು, "ಅಜ್ಜಿ, ಬರ್ದಾತೇನು?" ಎಂದು ಕೂಗುತ್ತಿದ್ದಾಳೆ. ಎಡಗಾಲಿನದು, ಸೇತು. ಮರೆಯಬೇಡ.