ಮ್ಯಾನೇಜರ ಎಡಗಿವಿ

ಭಾನುವಾರ, ಮಾರ್ಚ್ ೧೨

ನನ್ನ ನಾಲಿಗೆಗೆ ಬೆಂಕಿ ಹಾಕ. ಇವತ್ತಿನ ಪಂದ್ಯದಲ್ಲಿ "ಬನ್ನಿ ಸಾರ್" ಎಂದು ಕೂಗಿ ಅರ್ಧ ಪಿಚ್ ಓಡಿದೆ. ಎದುರು ತುದಿಯಲ್ಲಿದ್ದ ನಮ್ಮ ಬ್ಯಾಂಕಿನ ಮ್ಯಾನೇಜರು ಕದಲಲೇ ಇಲ್ಲ. ನಾನು ರನ್‌ಔಟ್. ಸಿಟ್ಟು ನೆತ್ತಿಗೇರಿ, ಎಲ್ಲರೆದುರೇ "ಕಿವಿ ಕೇಳಲ್ವಾ ಸಾರ್?" ಅಂದುಬಿಟ್ಟೆ.

ಆಟ ಮುಗಿದ ಮೇಲೆ ಬೆಂಚಿನಲ್ಲಿ ನನ್ನ ಪಕ್ಕ ಕೂತು ಪ್ಯಾಡ್ ಬಿಚ್ಚುತ್ತಾ ಹೇಳಿದರು: "ಎಡಗಿವಿ ಕೇಳಲ್ಲಪ್ಪ. ಸೈನ್ಯದಲ್ಲಿದ್ದಾಗ ಶೆಲ್ ಸಿಡಿದು ಹೋಯ್ತು. ಮೈದಾನದಲ್ಲಿ ಯಾರು ಕೂಗಿದ್ದು ಅಂತ ಗೊತ್ತಾಗಲ್ಲ. ಇಪ್ಪತ್ತು ವರ್ಷದಿಂದ ಜೊತೆಗಾರನ ಕಾಲು ನೋಡ್ಕೊಂಡೇ ಓಡ್ತೀನಿ. ಇವತ್ತು ನಿನ್ನ ಬಾಯಿ ಮೊದಲು ಓಡ್ತು, ಕಾಲು ಆಮೇಲೆ."

ಇಪ್ಪತ್ತು ವರ್ಷ! ನಮ್ಮ ಕ್ಲಬ್ಬಿನಲ್ಲಿ ಅವರಷ್ಟು ರನ್ ಹೊಡೆದವರೇ ಇಲ್ಲ. ಎಲ್ಲವನ್ನೂ ಬರೀ ಕಾಲು ನೋಡಿಕೊಂಡೇ ಓಡಿದರೇ? ಬ್ಯಾಂಕಿನಲ್ಲಿ ತಮ್ಮ ಕ್ಯಾಬಿನ್ನಿನ ಮೇಜನ್ನು ಅಡ್ಡಡ್ಡ ಹಾಕಿಸಿದ್ದಕ್ಕೆ ಗುಮಾಸ್ತರೆಲ್ಲ ಸೇರಿ ಎಷ್ಟು ನಕ್ಕಿದ್ದೇವೆ. ಬಂದವರು ತಮ್ಮ ಬಲಗಡೆಯೇ ಕೂರಲಿ ಎಂದು ಹಾಗೆ ಹಾಕಿಸಿದ್ದರು ಆ ಪುಣ್ಯಾತ್ಮರು. ಅವರ ಕೈಕೆಳಗೆ ಕೆಲಸ ಮಾಡಿದ ನಾಲ್ಕು ವರ್ಷದಲ್ಲಿ ನನಗೊಂದು ಸುಳಿವೂ ಸಿಗಲಿಲ್ಲ.

ತಲೆ ತಗ್ಗಿಸಿಕೊಂಡು ಮೆಲ್ಲಗೆ "ತಪ್ಪಾಯ್ತು ಸಾರ್" ಅಂದೆ. ಅವರು ಪ್ಯಾಡಿನ ಪಟ್ಟಿ ಮಡಿಸುತ್ತಲೇ ಇದ್ದರು. ಇನ್ನೂ ಬೇಸರವಿರಬೇಕು ಎಂದು ಸಂಜೆಯಿಂದ ಒದ್ದಾಡಿದೆ. ಈಗ ಹೊಳೆಯುತ್ತಿದೆ, ನಾನು ಕೂತಿದ್ದು ಅವರ ಎಡಗಡೆ.