ಶಾಸ್ತ್ರದ ನೀರು

ಚಿಕ್ಕಬೀರಪ್ಪ,

ಮಗಳ ಮದುವೆಯ ಶಾಸ್ತ್ರದ ನೀರು ನಮ್ಮ ಕಾಡಿನ ಜಲಪಾತದಿಂದಲೇ ಬರಬೇಕು ಎಂದು ಹೇಳಿ ಕಣ್ಣು ಮುಚ್ಚಿದೆಯಲ್ಲ, ಅದಕ್ಕೇ ಇವತ್ತು ನಿನ್ನ ಹೆಂಡತಿ ಮುನಿಗಂಗಮ್ಮನವರ ಜೊತೆ ಕಾಡಿಗೆ ನಡೆದುಹೋದೆ. ನೀನೂ ನಾನೂ ದೊಡ್ಡಬಳ್ಳಾಪುರದ ಕೋರ್ಟಿಗೆ ಅಲೆದು ಕಲ್ಲು ಕ್ವಾರಿಯವರಿಂದ ಉಳಿಸಿದ ಕಾಡಿಗೆ ಈಗ ಟಿಕೆಟ್ ಇದೆ. ಮಾಘ ಮುಗಿಯುವ ಮೊದಲೇ ಜಲಪಾತದ ಬಂಡೆ ಒಣಗಿತ್ತು.

"ಭಾನುವಾರ ಬನ್ನಿ ಸಾರ್, ಮೋಟ್ರು ಹಾಕ್ತೀವಿ. ಫಾಲ್ಸು ಜೋರಾಗಿ ಬೀಳ್ತದೆ," ಎಂದ ಕಾವಲುಗಾರ.

"ಯಾವ ನೀರಪ್ಪಾ ಅದು?" ಎಂದು ಮುನಿಗಂಗಮ್ಮ ಕೇಳಿದರು.

"ಟ್ಯಾಂಕರ್ದು ಕಣಮ್ಮಾ."

ಖಾಲಿ ಕಳಶ ಹಿಡಿದು ಹಿಂದಿರುಗಿದೆವು. ಮುನಿಗಂಗಮ್ಮನವರು ಮನೆಯ ಹಿತ್ತಲ ನಲ್ಲಿಯಲ್ಲಿ ಅದನ್ನು ತುಂಬಿಸಿ, ವೀಳ್ಯದೆಲೆ ಇಟ್ಟು, "ನಿಮ್ಮಪ್ಪನ ಫಾಲ್ಸ್ ನೀರು ಕಣೇ," ಎಂದು ಮಗಳ ಕೈಗೆ ಕೊಟ್ಟರು.

ಅವಳು ನನ್ನ ಮುಖ ನೋಡಿದಳು. ಸುಳ್ಳು ಕಂಡರೆ ಅಂದೇ ಪತ್ರಿಕೆಗೆ ಬರೆಯುವ ನಾನು, "ಹೌದಮ್ಮಾ, ಎಷ್ಟು ತಣ್ಣಗಿದೆ ನೋಡು," ಎಂದೆ.