ಉಗುರು ನೋಡಿದ ತಪ್ಪಿಗೆ ಅಕ್ಕಲಕೋಟಕ್ಕೆ ವರ್ಗ

ಸೋಲಾಪುರ, ೧೨ ಮಾರ್ಚ್ ೧೯೭೮

ಮಾನ್ಯ ಆಸ್ಪತ್ರೆಯ ಅಧೀಕ್ಷಕರೇ,

ತಮ್ಮ ಧರ್ಮಾರ್ಥ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿದ್ದ ನರ್ಸ್ ಮಂದಾಕಿನಿಯವರನ್ನು ತಾವು ಹೋದ ನವೆಂಬರಿನಲ್ಲಿ ಅಕ್ಕಲಕೋಟದ ಶಾಖಾ ದವಾಖಾನೆಗೆ ವರ್ಗ ಮಾಡಿದಿರಿ. ಅವರು ಮಾಡಿದ ಅಪರಾಧವೇನೂ ಸಣ್ಣದಲ್ಲ. ಒಬ್ಬ ರೋಗಿಯ ಚರ್ಮ, ಕೂದಲು, ಉಗುರುಗಳನ್ನು ಕಣ್ಣಿಟ್ಟು ನೋಡಿದರು. ಅಷ್ಟಕ್ಕೇ ನಿಲ್ಲದೆ, ಕಂಡದ್ದನ್ನು ಕಂಡ ಹಾಗೆಯೇ ಬರೆದರು. ಇಂಥ ಅನಾಚಾರ ತಮ್ಮ ಆಡಳಿತದಲ್ಲಿ ಹಿಂದೆಂದೂ ನಡೆದಿರಲಿಲ್ಲವೆಂದು ತಿಳಿದವರು ಹೇಳುತ್ತಾರೆ. ನಾನು ನಂಬುತ್ತೇನೆ.

ಆ ರೋಗಿ ನನ್ನ ಹೆಂಡತಿ ಸುಮಿತ್ರಾಬಾಯಿ. ಈ ವಿಷಯವಾಗಿ ತಮಗೆ ಮರಾಠಿಯಲ್ಲಿ ಎರಡು ಅರ್ಜಿ, ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದೆ. ಉತ್ತರ ಬರಲಿಲ್ಲ. ಭಾಷೆಯದೇ ತೊಂದರೆ ಇದ್ದೀತೆಂದು ಈಗ ಕನ್ನಡದಲ್ಲಿ, ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ತಮ್ಮ ಮನೆಯ ಮಾತೂ ಕನ್ನಡವೇ ಎಂದು ಬಲ್ಲೆ.

ನಾನು ಚಾದರ ಮಾರುವ ವ್ಯಾಪಾರಿ. ನನ್ನ ಅಂಗಡಿಗೆ ಮಾಲು ಬಂದರೆ ಒಂದೊಂದನ್ನೂ ಬಿಚ್ಚಿ, ಬಾಗಿಲ ಬೆಳಕಿಗೆ ಹಿಡಿದು, ಅಂಚಿನಿಂದ ಅಂಚಿಗೆ ಕೈಯಾಡಿಸಿ ನೋಡುತ್ತೇನೆ. ಒಂದು ಎಳೆ ತಪ್ಪಿದ್ದರೂ ಬೆರಳಿಗೆ ತಿಳಿಯುತ್ತದೆ. ತಮ್ಮ ಆಸ್ಪತ್ರೆಯ ಪದ್ಧತಿ ಇದಕ್ಕಿಂತ ಎಷ್ಟೋ ಮುಂದುವರಿದದ್ದು. ಅಲ್ಲಿ ಕೇಸ್ ಪೇಪರ್ ಬರೆಯುವ ಕಿಟಕಿಯಲ್ಲೇ ಅಚ್ಚೊತ್ತುವ ಒಂದು ರಬ್ಬರ್ ಶಿಕ್ಕೆ, ಅಂದರೆ ಮೊಹರು, ಇದೆ: "ಚರ್ಮ, ಕೂದಲು, ಉಗುರು: ಸಾಮಾನ್ಯ." ರೋಗಿಯ ಹೆಸರು ಕೇಳುವ ಮೊದಲೇ ಶಿಕ್ಕೆ ಬೀಳುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಎಂಥ ಕಾರ್ಯದಕ್ಷತೆ! ಸೀರೆಯ ಸೆರಗು ಸರಿಸದೆ, ಬಳೆ ಮೇಲೇರಿಸದೆ, ರೋಗಿಯ ಮುಖವನ್ನೂ ನೋಡದೆ ಅವಳ ಮೈಯೆಲ್ಲ ನೆಟ್ಟಗಿದೆಯೆಂದು ಹೇಳಬಲ್ಲ ವಿದ್ಯೆ ಬೇರೆಲ್ಲಿ ಸಿಕ್ಕೀತು?

ಹದಿನಾಲ್ಕು ತಿಂಗಳಲ್ಲಿ ಸುಮಿತ್ರಾಬಾಯಿ ತಮ್ಮಲ್ಲಿಗೆ ಮೂರು ಸಲ ಬಂದಳು. ಮೊದಲ ಸಲ ಬಲಗೈಯ ಕಿರುಬೆರಳು ಸುಟ್ಟಿತ್ತು. ರೊಟ್ಟಿ ತಿರುವುವಾಗ ಹಂಚಿಗೆ ತಾಗಿತ್ತು. ತಾಗಿದ್ದು ತನಗೆ ತಿಳಿಯಲೇ ಇಲ್ಲ, ಚರ್ಮ ಸುಟ್ಟ ವಾಸನೆ ಬಂದ ಮೇಲೆ ನೋಡಿಕೊಂಡೆ ಎಂದು ಅವಳು ತಮ್ಮ ಡಾಕ್ಟರರಿಗೆ ಹೇಳಿದಳು. ಅವರು ಮುಲಾಮು ಕೊಟ್ಟರು, ಅಡುಗೆ ಮಾಡುವಾಗ ಲಕ್ಷ್ಯವಿರಲಿ ಎಂದು ಬುದ್ಧಿಯನ್ನೂ ಹೇಳಿದರು. ಎರಡನೆಯ ಸಲ ಅದೇ ಬೆರಳು. ಮೂರನೆಯ ಸಲ ಅದರ ಪಕ್ಕದ ಬೆರಳೂ ಜೊತೆಯಾಗಿತ್ತು. ಇಪ್ಪತ್ತಾರು ವರ್ಷ ಒಲೆಯ ಮುಂದೆ ಕುಳಿತ ಹೆಂಗಸು ಹದಿನಾಲ್ಕೇ ತಿಂಗಳಲ್ಲಿ ಮೂರು ಸಲ ಕೈ ಸುಟ್ಟುಕೊಂಡರೆ, ಸುಟ್ಟದ್ದು ಅವಳಿಗೇ ತಿಳಿಯದಿದ್ದರೆ, ಯಾಕೆ ಎಂದು ಕೇಳಬೇಕಾದವರು ಯಾರು? ಮೂರೂ ಪೇಪರಿನ ಮೇಲೆ ಶಿಕ್ಕೆ ಇದೆ. ಶಿಕ್ಕೆಯ ಕೆಳಗೆ ತಮ್ಮ ರುಜು ಇದೆ.

ಅಕ್ಟೋಬರಿನಲ್ಲಿ ಕೈ ಬಾತು, ಕೀವು ತುಂಬಿ, ಜ್ವರ ಬಂತು. ಆಗ ವಾರ್ಡಿಗೆ ಸೇರಿಸಿಕೊಂಡಿರಿ. ಮಂದಾಕಿನಿಯವರನ್ನು ನಾವು ಕಂಡದ್ದು ಅಲ್ಲಿ. ಹೋಟಗಿಯವರು, ತಂದೆ ರೈಲ್ವೆಯಲ್ಲಿ ಗ್ಯಾಂಗಮನ್ ಆಗಿದ್ದವರು. ಜ್ವರ ಇಳಿದ ಮರುದಿನ ಅವರು ಸುಮಿತ್ರಾಬಾಯಿಯನ್ನು ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂಡಿಸಿ, ಪರದೆ ಎಳೆದು, ಬಳೆ ತೆಗೆಸಿ, ಉದ್ದ ತೋಳಿನ ಕುಪ್ಪಸ ಬಿಚ್ಚಲು ಹೇಳಿದರು. ಅವಳು ಒಪ್ಪಲಿಲ್ಲ. ಎರಡು ವರ್ಷದಿಂದ ಅವಳು ಉದ್ದ ತೋಳಿನ ಕುಪ್ಪಸವನ್ನೇ ತೊಡುತ್ತಿದ್ದಳು. ವಯಸ್ಸಾಯಿತು, ಚಳಿಯಾಗುತ್ತದೇನೋ ಎಂದುಕೊಂಡಿದ್ದೆ. ಮಂದಾಕಿನಿ ಅವಸರ ಮಾಡಲಿಲ್ಲ. ಊರು, ಮಕ್ಕಳು, ತವರುಮನೆ ಎಂದು ಮಾತಾಡುತ್ತ ಅರ್ಧ ಗಂಟೆ ಕಾದರಂತೆ. ಕಡೆಗೆ ಸುಮಿತ್ರಾಬಾಯಿಯೇ ತೋಳು ಹೊರಗೆ ತೆಗೆದಳು.

ಮೊಣಕೈಯ ಮೇಲೆ ಅಂಗೈ ಅಗಲದ ಒಂದು ಮಚ್ಚೆ, ಸುತ್ತಲಿನ ಬಣ್ಣಕ್ಕಿಂತ ಮಬ್ಬು. ತೋಳಿನಲ್ಲೆಲ್ಲ ಇದ್ದ ನವಿರಾದ ಕೂದಲು ಆ ಮಚ್ಚೆಯ ಮೇಲೆ ಮಾತ್ರ ಇರಲಿಲ್ಲ. ಬೇರೆ ಕಡೆ ಬೆವರಿದ್ದ ಚರ್ಮ ಅಲ್ಲಿ ಒಣಗಿತ್ತು. ಕಿರುಬೆರಳಿನ ಉಗುರು ಕಪ್ಪಾಗಿ, ದಪ್ಪವಾಗಿ, ಅರ್ಧ ಸವೆದಿತ್ತು. ಚರ್ಮ, ಕೂದಲು, ಉಗುರು: ತಮ್ಮ ಶಿಕ್ಕೆಯಲ್ಲಿರುವ ಮೂರೂ ಅಲ್ಲೇ ಇದ್ದವು, ಅದೇ ಕ್ರಮದಲ್ಲಿ. ಆಮೇಲೆ ಅವರು ಒಂದು ಎಳೆ ಹತ್ತಿ ತೆಗೆದುಕೊಂಡರು.

"ಅಕ್ಕಾರ, ಕಣ್ಣ ಮುಚ್ಚರಿ. ನಾ ಮುಟ್ಟಿದಲ್ಲಿ ಬಟ್ಟಿಟ್ಟ ತೋರಸರಿ," ಎಂದರು.

ಹೆಗಲು, ಮುಂಗೈ, ಹೆಬ್ಬೆರಳು ಮುಟ್ಟಿದಾಗ ಸರಿಯಾಗಿ ತೋರಿಸಿದಳು. ಮಚ್ಚೆಯ ಮೇಲೆ ಮುಟ್ಟಿದಾಗ ಸುಮ್ಮನಿದ್ದಳು. ಕಿರುಬೆರಳನ್ನು ಮುಟ್ಟಿದಾಗಲೂ ಸುಮ್ಮನಿದ್ದಳು. ಸ್ವಲ್ಪ ಹೊತ್ತು ಕಾದು, "ಇನ್ನೂ ಮುಟ್ಟಿಲ್ಲೇನ್ರಿ?" ಎಂದು ಕೇಳಿದಳಂತೆ.

ಮಂದಾಕಿನಿ ಕಂಡದ್ದನ್ನೆಲ್ಲ ಪೇಪರಿನಲ್ಲಿ ಬರೆದು, ಕುಷ್ಠರೋಗದ ಸಂಶಯವಿದೆ, ತಜ್ಞರಿಗೆ ತೋರಿಸಬೇಕು ಎಂದು ಡಾಕ್ಟರರಿಗೆ ವರದಿ ಮಾಡಿದರು. ಹೌದು, ಜನ ಬಾಗಿಲು ಹಾಕಿಕೊಂಡು ಪಿಸುಗುಟ್ಟುವ ಆ ಮಹಾರೋಗವೇ. ಅದರ ಹೆಸರನ್ನು ನಾನು ಇಲ್ಲಿ ಬಿಡಿಸಿಯೇ ಬರೆಯುತ್ತೇನೆ.

ಇನ್ನು ತಮ್ಮ ಪಾತ್ರ ಬರುತ್ತದೆ. ಅದರ ಜೊತೆಗೆ ನನ್ನದೂ ಬರುತ್ತದೆ. ಅದನ್ನು ಮುಚ್ಚಿಟ್ಟು ತಮ್ಮೊಬ್ಬರನ್ನೇ ಹಳಿದರೆ ನಾನೂ ಒಂದು ಶಿಕ್ಕೆ ಒತ್ತಿದಂತೆಯೇ.

ತಾವು ನನ್ನನ್ನು ಕೋಣೆಗೆ ಕರೆಸಿ, ಚಹಾ ತರಿಸಿ, ಬಹಳ ಮರ್ಯಾದೆಯಿಂದ ಮಾತಾಡಿದಿರಿ. "ಸಾವಕಾರ್ರ, ಲಗ್ನಕ್ಕ ಬಂದ ಮಗಳ ಇದ್ದಾಳ ಮನ್ಯಾಗ. ಇಂಥಾ ಮಾತ ಕಾಗದದ ಮ್ಯಾಲ ಉಳಿಯೂದು ಛಲೋ ಅಲ್ಲ. ನಾ ತೆಗಸತೀನಿ," ಎಂದಿರಿ. ನರ್ಸ್ ಹುಡುಗಿಗೆ ಅನುಭವ ಸಾಲದು, ಸುಟ್ಟ ಗಾಯದ ಕಲೆಯನ್ನು ಏನೋ ಎಂದು ತಿಳಿದಿದ್ದಾಳೆ, ಹಿಂದಿನ ಮೂರು ಪೇಪರುಗಳು ಸಾಮಾನ್ಯ ಎನ್ನುತ್ತಿವೆಯಲ್ಲ ಎಂದಿರಿ. ಹಿಂದಿನ ಮೂರು ಪೇಪರಿಗೆ ರುಜು ಹಾಕಿದವರು ತಾವೇ ಎಂಬುದನ್ನು ಹೇಳಲು ಮರೆತಿರಿ. ಆಮೇಲೆ ಒಂದು ಕಾಗದ ಮುಂದಿಟ್ಟಿರಿ. ನರ್ಸ್ ಮಂದಾಕಿನಿ ನನ್ನ ಪತ್ನಿಯೊಡನೆ ಅಸಭ್ಯವಾಗಿ ವರ್ತಿಸಿ, ಕಾರಣವಿಲ್ಲದೆ ವಸ್ತ್ರ ತೆಗೆಸಿ, ನಮ್ಮ ಮನೆತನಕ್ಕೆ ಅಪಮಾನ ಮಾಡಿದ್ದಾರೆ ಎಂದು ಅದರಲ್ಲಿ ಟೈಪಾಗಿತ್ತು.

ನಾನು ರುಜು ಹಾಕಿದೆ. ಕೈ ಮುಗಿದು, ಉಪಕಾರವಾಯಿತು ಎಂದು ಹೇಳಿ ಬಂದೆ. ಮಗಳ ಲಗ್ನದ ಮಾತು ಕಿವಿಗೆ ಬಿದ್ದೊಡನೆ, ಬಾಗಿಲ ಬೆಳಕಿಗೆ ಹಿಡಿದು ನೋಡುವ ನನ್ನ ಅಭ್ಯಾಸವೆಲ್ಲ ಎಲ್ಲಿ ಹೋಯಿತೋ ತಿಳಿಯದು. ವಾರದೊಳಗೆ ಮಂದಾಕಿನಿಯವರಿಗೆ ಮೆಮೊ ಹೋಯಿತು. ಬರೆದದ್ದನ್ನು ಹೊಡೆದುಹಾಕಿ ಕ್ಷಮೆ ಕೇಳಿದರೆ ಇಲ್ಲೇ ಇರಬಹುದು ಎಂದು ತಾವು ದೊಡ್ಡ ಮನಸ್ಸು ಮಾಡಿದಿರಂತೆ. ಅವರು ಹೊಡೆದುಹಾಕಲಿಲ್ಲ. ಮಾಡಿದ ಕೆಲಸಕ್ಕೆ ಕ್ಷಮೆ ಕೇಳಬೇಕೆಂದು ಅವರ ತರಬೇತಿಯಲ್ಲಿ ಕಲಿಸಿರಲಿಲ್ಲವೇನೋ.

ಮನೆಗೆ ಬಂದು ಹೆಂಡತಿಗೆ, ನರ್ಸ್ ತಪ್ಪು ತಿಳಿದಿದ್ದಳು, ಏನೂ ಇಲ್ಲವಂತೆ ಎಂದು ಹೇಳಿದೆ. ಗಾಯ ಮಾಯಿತು, ಆದರೆ ಒಳಗೆ ಬಾಗಿದ್ದ ಎರಡು ಬೆರಳು ನೆಟ್ಟಗಾಗಲಿಲ್ಲ. ಜನವರಿಯಲ್ಲಿ ಒಂದು ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಅವಳು ಕೌದಿ ಹೊಲಿಯುತ್ತಿದ್ದವಳು ಸೂಜಿ ಕೆಳಗಿಟ್ಟು ಬೆರಳು ತೋರಿಸಿದಳು.

"ಆಕಿ ಸುಳ್ಳ ಹೇಳಿಲ್ರಿ. ಸೂಜಿ ಚುಚ್ಚಿ ನೋಡೀನಿ ನಾ. ರಕ್ತ ಬಂತು, ನೋವ ಬರಲಿಲ್ಲ."

ಆಗ ನಾನು ಆ ಕಾಗದದ ವಿಷಯ ಹೇಳಿದೆ. ಬೈಯುತ್ತಾಳೆಂದುಕೊಂಡೆ. ಅವಳು ತಾಟಿಗೆ ಊಟ ಬಡಿಸಿ, ಅಕ್ಕಲಕೋಟದ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ಹೊರಟೆವು. ಬಸ್ಸು ಕುಂಭಾರಿ ದಾಟಿದ ಮೇಲೆ ಅವಳು, ಮಚ್ಚೆ ಮೊದಲು ಕಂಡಾಗಲೇ ನಿಮಗೆ ತೋರಿಸಬೇಕೆಂದಿದ್ದೆ, ನೀವು ಎಲ್ಲಿ ಮುಖ ತಿರುಗಿಸುತ್ತೀರೋ ಎಂದು ಹೆದರಿದೆ ಎಂದಳು. ಹಾಗೇನೂ ಮಾಡುತ್ತಿರಲಿಲ್ಲ ಎಂದು ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು.

ದವಾಖಾನೆಯ ಪಡಸಾಲೆಯಲ್ಲಿ ಮಂದಾಕಿನಿ ಕೆಲಸದಲ್ಲಿದ್ದರು. ಹೊಲದಿಂದ ಬಂದ ಹೆಂಗಸರು ಸಾಲಾಗಿ ಕುಳಿತಿದ್ದರು. ಮಂದಾಕಿನಿ ಒಬ್ಬೊಬ್ಬರ ಕೈಯನ್ನು ಬೆಳಕಿಗೆ ತಿರುಗಿಸಿ, ಉಗುರು ಒತ್ತಿ, ಕಣ್ಣ ರೆಪ್ಪೆ ಇಳಿಸಿ ನೋಡುತ್ತಿದ್ದರು. ಶಿಕ್ಷೆ ಅನುಭವಿಸುತ್ತಿದ್ದ ಲಕ್ಷಣ ಕಾಣಲಿಲ್ಲ, ಕ್ಷಮಿಸಬೇಕು. ನಾನು ಮುಂದೆ ಹೋಗಿ, ತಪ್ಪಾಯಿತು ತಾಯಿ ಎಂದು ಶುರುಮಾಡಿದೆ.

"ಅದು ಆಮ್ಯಾಲ, ಸಾವಕಾರ್ರ. ಮೊದಲ ಅಕ್ಕಾರು ಕೈ ತೋರಸಲಿ," ಎಂದರು.

ಅವರ ಚೀಟಿ ಹಿಡಿದುಕೊಂಡು ಸೋಲಾಪುರದಲ್ಲಿ ಈ ರೋಗದ ತಜ್ಞರೊಬ್ಬರನ್ನು ಕಂಡೆವು. ಅವರು ಮೊಣಕೈಯ ಹಿಂದೆ ದಪ್ಪಗಾಗಿದ್ದ ನರವನ್ನು ಬೆರಳಿನಿಂದ ಹಿಡಿದು ನನಗೂ ತೋರಿಸಿದರು. ಅದೇ ರೋಗ. ಈ ಬಗೆಯದು ಮನೆಯವರಿಗೆ ಸಾಮಾನ್ಯವಾಗಿ ಹರಡುವುದಿಲ್ಲ, ಗುಳಿಗೆಯನ್ನು ವರ್ಷಗಟ್ಟಲೆ ತಪ್ಪದೆ ತೆಗೆದುಕೊಂಡರೆ ವಾಸಿಯಾಗುತ್ತದೆ ಎಂದರು. ಆದರೆ ಬಾಗಿದ ಎರಡು ಬೆರಳು ಇನ್ನು ಮೊದಲಿನಂತಾಗುವುದು ಕಷ್ಟ. ಮೊದಲನೆಯ ಸುಟ್ಟ ಗಾಯದ ದಿನವೇ ಯಾರಾದರೂ ನೋಡಿದ್ದರೆ? ಎಂದು ಕೇಳಿದೆ. ಉಳಿಯುತ್ತಿದ್ದವು ಎಂದರು. ಈ ಮಾತನ್ನು ತಾವು ಎರಡು ಸಲ ಓದಬೇಕು.

ಸುದ್ದಿ ತಿಳಿದ ಮೇಲೆ ನನ್ನ ತಮ್ಮನ ಹೆಂಡತಿ ರತ್ನಾಬಾಯಿ ನೀರಿನ ಕೊಡ ಬೇರೆ ಮಾಡಿದಳು. ಭಂಡಾರಕವಠೆಯಿಂದ ಬಂದಿದ್ದ ಮಗಳ ಸಂಬಂಧದ ಮಾತು ನಿಂತಿತು. ಅಂದಮೇಲೆ ತಮ್ಮ ಕಾಳಜಿ ಸುಳ್ಳಲ್ಲ, ಒಪ್ಪುತ್ತೇನೆ. ಮನೆತನದ ಮಾನ ಕಾಯಲು ಒಂದು ಕೈಯನ್ನು ಬಲಿಕೊಡಬೇಕೆಂಬ ತಮ್ಮ ಲೆಕ್ಕವಷ್ಟೇ ನನಗೆ ಒಪ್ಪಿಗೆಯಾಗಲಿಲ್ಲ. ಈ ಪತ್ರದಲ್ಲಿ ನಿನ್ನ ಹೆಸರು ಬಿಟ್ಟು ಬರೆಯುತ್ತೇನೆಂದಾಗ ಸುಮಿತ್ರಾಬಾಯಿ ಹೇಳಿದ್ದು ಇಷ್ಟು:

"ನನ್ನ ಹೆಸರ ಮುಚ್ಚಬ್ಯಾಡ್ರಿ. ಮುಚ್ಚಿದ್ದಕ್ಕ ಬೆರಳ ಹೋದ್ವು."

ಆದ್ದರಿಂದ ನನ್ನ ಬೇಡಿಕೆ. ಮಂದಾಕಿನಿಯವರ ಮೇಲೆ ನಾನು ಕೊಟ್ಟ ದೂರು ಸುಳ್ಳು. ಅದರ ಕೆಳಗಿನ ರುಜು ನನ್ನದು, ಅದನ್ನು ಇಡೀ ಊರಿನೆದುರು ಹಿಂತೆಗೆದುಕೊಳ್ಳುತ್ತಿದ್ದೇನೆ. ತಾವೂ ಮೆಮೊ ಹಿಂತೆಗೆದುಕೊಳ್ಳಿ, ಅವರ ದಾಖಲೆಯಿಂದ ಕಳಂಕ ತೆಗೆಯಿರಿ. ಅಕ್ಕಲಕೋಟದಲ್ಲಿರುವುದೋ ಇಲ್ಲಿಗೆ ಬರುವುದೋ ಎಂದು ಅವರನ್ನೇ ಕೇಳಿ. ವಾರ್ಡಿಗೆ ಬಂದ ಪ್ರತಿ ರೋಗಿಗೂ ಒಂದು ಪರದೆ, ಒಂದು ಕಿಟಕಿ, ಹತ್ತು ನಿಮಿಷ ಕೊಡಿ. ಕಳೆದ ಎರಡು ವರ್ಷಗಳಲ್ಲಿ ನೋಡದೆಯೇ "ಸಾಮಾನ್ಯ" ಎಂದು ಮನೆಗೆ ಕಳಿಸಿದವರ ವಿಳಾಸಗಳು ತಮ್ಮ ಕಪಾಟಿನಲ್ಲಿವೆ. ಒಬ್ಬೊಬ್ಬರಿಗೂ ಪತ್ರ ಬರೆದು ತಿರುಗಿ ಕರೆಯಿರಿ. ಅವರಲ್ಲಿ ಯಾರಿಗೋ ಇಂದು ಬೆಳಿಗ್ಗೆ ಕೈ ಸುಟ್ಟಿರಬಹುದು, ಅದು ಅವರಿಗೆ ಇನ್ನೂ ಗೊತ್ತಾಗಿಲ್ಲದಿರಬಹುದು.

ಇಂತಿ,
ಇಪ್ಪತ್ತಾರು ವರ್ಷ ಒಂದು ಕೈಯ ಅಡುಗೆ ಉಂಡು, ಆ ಕೈಯನ್ನು ಒಮ್ಮೆಯೂ ತಿರುಗಿಸಿ ನೋಡದ ಗಂಡ,
ಸಾತಲಿಂಗಪ್ಪ, ಚಾದರ ವ್ಯಾಪಾರಿ